ಹೆಚ್ಚಿಗೆ ಬಂದ ಡಾಲರ್ ಚೆಕ್

ಅಮೆರಿಕದ ನಾಯಿಗಳ ಬಗ್ಗೆ ಕಮಲಾಪುರದಲ್ಲಿ ನನ್ನಷ್ಟು ತಿಳಿದವರು ಇನ್ನೊಬ್ಬರಿಲ್ಲ. ಇದನ್ನು ಹೊಗಳಿಕೊಳ್ಳಲು ಹೇಳುತ್ತಿಲ್ಲ. ಬೇರೆ ಯಾರೂ ಆ ಸ್ಪರ್ಧೆಗೆ ಇಳಿದಿಲ್ಲ, ಅಷ್ಟೇ. ಹಿಮದಲ್ಲಿ ನಡೆಯುವ ನಾಯಿಯ ಪಾದಕ್ಕೆ ಏನು ಹಚ್ಚಬೇಕು, ಅಂಚೆಯವನನ್ನು ಕಂಡರೆ ಬೊಗಳುವ ನಾಯಿಗೆ ಏನು ಹೇಳಬೇಕು, ಸೋಫಾ ಕಡಿಯುವ ಮರಿಯ ಮನಸ್ಸಿನಲ್ಲಿ ಏನಿರುತ್ತದೆ, ಎಲ್ಲವನ್ನೂ ಇಂಗ್ಲಿಷಿನಲ್ಲಿ ಬರೆದು ಇಂಟರ್ನೆಟ್ಟಿಗೆ ಹಾಕಿದ್ದೇನೆ. ಹಿಮವನ್ನು ನಾನು ನೋಡಿದ್ದು ಫ್ರಿಜ್ಜಿನ ಮೇಲಿನ ಖಾನೆಯಲ್ಲಿ, ಅದೂ ಪಕ್ಕದ ಮನೆಯವರ ಫ್ರಿಜ್ಜು. ಸೋಫಾ ನಮ್ಮಲ್ಲಿಲ್ಲ. ನಾಯಿ ಒಂದಿದೆ, ಅದೂ ಅರ್ಧ ಮಾತ್ರ ನಮ್ಮದು. ನಮ್ಮ ಬಾಗಿಲಲ್ಲಿ ಮಲಗುತ್ತದೆ, ಎದುರು ಮನೆಯಲ್ಲಿ ಉಣ್ಣುತ್ತದೆ.

ಕೆಲಸ ಇಷ್ಟೇ. ಅಮೆರಿಕದ ಒಂದು ಕಂಪನಿ ನಾಯಿ ಪಳಗಿಸುವ ಪುಸ್ತಕ ಮಾರುತ್ತದೆ. ಕಾಗದದ ಪುಸ್ತಕವಲ್ಲ, ಕಂಪ್ಯೂಟರಿನಲ್ಲೇ ಓದುವಂಥದ್ದು. ನನ್ನ ಪುಟದಲ್ಲಿ ಅವರ ಅಂಗಡಿಗೆ ಹೋಗುವ ಲಿಂಕ್ ಇದೆ, ಆ ಲಿಂಕಿನ ಬಾಲದಲ್ಲಿ ನನ್ನ ನಂಬರು ಇದೆ. ಅದನ್ನು ಒತ್ತಿ ಹೋದವರು ಯಾರಾದರೂ ಪುಸ್ತಕ ಕೊಂಡರೆ ನನಗೆ ಹದಿಮೂರು ಡಾಲರ್ ಕಮಿಷನ್. ನೂರು ಡಾಲರ್ ತುಂಬಿದ ಮೇಲೆ ಅವರು ಚೆಕ್ ಬರೆದು ಅಂಚೆಗೆ ಹಾಕುತ್ತಾರೆ.

ಇದನ್ನು ಮೊದಲ ಸಲ ಹೇಳಿದಾಗಲೇ ತಿಳಿದುಕೊಂಡವನು ಮಾಮಾ ಒಬ್ಬನೇ. ಮಾಮಾ ಅಂದರೆ ಅವ್ವನ ಅಣ್ಣ. ಕಲಬುರಗಿಯ ಧಾನ್ಯದ ಪೇಟೆ ನೆಹರು ಗಂಜಿನಲ್ಲಿ, ಒಂದು ತೊಗರಿ ಅಡತಿ ಅಂಗಡಿಯಲ್ಲಿ, ಇಪ್ಪತ್ತೆರಡು ವರ್ಷದಿಂದ ಲೆಕ್ಕ ಬರೆಯುವ ಮುನೀಮನಾಗಿದ್ದ. ನಾನು ಪಿಯುಸಿ ಓದುವುದು ಅವನ ಮನೆಯಲ್ಲಿದ್ದುಕೊಂಡು, ಶರಣಬಸವೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ. ನಾನು ಹೇಳಿದ್ದನ್ನೆಲ್ಲ ಕೇಳಿ ಮಾಮಾ ಕನ್ನಡಕ ಒರೆಸಿಕೊಂಡು, "ಮಾಲು ಒಬ್ಬಂದು, ರೊಕ್ಕ ಒಬ್ಬಂದು, ನಡುವ ನಿನ್ನ ಕಮಿಷನ್. ಅಡತಿನ ಮಾಡಾಕತ್ತೀ ನೀನೂ. ನಾವು ತೊಗರಿ, ನೀನು ನಾಯಿ," ಅಂದ.

ಮಾಮಾನಿಗೆ ಬದುಕಿನಲ್ಲಿ ಒಂದೇ ಆಸೆ. ಗಂಜಿನಲ್ಲಿ ಸ್ವಂತದ ಒಂದು ಅಂಗಡಿ, ಅದರ ಬಾಗಿಲ ಮೇಲೆ ತನ್ನ ಹೆಸರಿನ ಬೋರ್ಡು. ಇಪ್ಪತ್ತೆರಡು ವರ್ಷ ಬೇರೆಯವರ ಗಾದಿಯ ಮೇಲೆ ಕೂತು ಎಪ್ಪತ್ತು ಸಾವಿರ ಕೂಡಿಸಿದ್ದ. ಲೈಸೆನ್ಸಿನ ಅರ್ಜಿ ಆ ವರ್ಷ ಒಪ್ಪಿಗೆಯಾಗಿತ್ತು. ದಸರೆಯೊಳಗೆ ಠೇವಣಿ ಕಟ್ಟಬೇಕು, ಕಟ್ಟದಿದ್ದರೆ ಅಂಗಡಿ ಸರದಿಯಲ್ಲಿ ಮುಂದಿನವನಿಗೆ ಹೋಗುತ್ತದೆ. ಆ ಎಪ್ಪತ್ತು ಸಾವಿರವನ್ನು ನೀರು ಪಾಲು ಮಾಡಲು ಇಡೀ ಜಿಲ್ಲೆಯಲ್ಲಿ ಒಬ್ಬನಿಗೆ ಮಾತ್ರ ಸಾಧ್ಯವಿತ್ತು. ಅವನು ಈಗ ಇದನ್ನು ಬರೆಯುತ್ತಿದ್ದಾನೆ.

ಮೊದಲ ಚೆಕ್ ಬಂದಾಗ ಯಾರೂ ನಂಬಲಿಲ್ಲ. ಕಮಲಾಪುರದ ಅಂಚೆಯವನು ಎರಡು ಗ್ರಾಂ ತೂಕದ ಲಕೋಟೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದ. ನಾಯಿ ಬೊಗಳಿತು. ಆ ಹೊತ್ತಿಗೆ ಏನು ಮಾಡಬೇಕು ಅಂತ ನನ್ನ ಪುಟದಲ್ಲಿ ಏಳು ಸೂತ್ರಗಳಿವೆ. ನಾನು ಎರಡನೆಯ ಸೂತ್ರದಲ್ಲಿದ್ದಾಗ ಅವ್ವ ಒಂದು ಕಲ್ಲು ಎತ್ತಿ ತೋರಿಸಿದಳು, ಸುಮ್ಮನಾಯಿತು. ಲಕೋಟೆಯೊಳಗೆ ನೂರಾ ನಾಲ್ಕು ಡಾಲರಿನ ಚೆಕ್. ನಾನು ಗಂಟೆಗೆ ಇಪ್ಪತ್ತು ರೂಪಾಯಿ ಕೊಟ್ಟು ಕೂರುವ ಸೈಬರ್ ಕೆಫೆಯ ಮಾಲೀಕ ಅದನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿ, "ಸಬ್ ಧೋಕಾ ಹೈ ಮಿಯಾ, ಇಂಥಾದ್ದು ನಾನ ಪ್ರಿಂಟ್ ಹೊಡದ್ ಕೊಡ್ತೀನಿ, ಎರಡ್ ರೂಪಾಯಿಗೊಂದು," ಅಂದ.

ಕಮಲಾಪುರದ ಬ್ಯಾಂಕಿನವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಕಲಬುರಗಿಯ ದೊಡ್ಡ ಶಾಖೆಗೆ ಹೋಗು ಅಂದರು. ಅಲ್ಲಿ ಫಾರಿನ್ ಅಂತ ಬೋರ್ಡಿದ್ದ ಮೇಜಿನ ಹಿಂದೆ ಒಬ್ಬ ಮೇಡಂ. ನನಗೆ ಹದಿನೆಂಟು ತುಂಬಿರಲಿಲ್ಲವಾದ್ದರಿಂದ ಅವ್ವ ಪೋಷಕಳಾಗಿ ಖಾತೆ ತೆರೆಯಬೇಕಾಯಿತು. ಆಮೇಲೆ ಒಂದು ಅರ್ಜಿ. ಈ ಹಣ ಯಾವ ಉದ್ದೇಶಕ್ಕೆ ಬಂದಿದೆ ಅನ್ನುವ ಖಾನೆಯಲ್ಲಿ ನಾನು 'ನಾಯಿ' ಅಂತ ಬರೆದೆ. ಮೇಡಂ ಹೊಸ ಅರ್ಜಿ ಕೊಟ್ಟರು. ಚೆಕ್ಕನ್ನು ಕಲೆಕ್ಷನ್ನಿಗೆ ಕಳಿಸುತ್ತೇವೆ, ಅದು ಇಲ್ಲಿಂದ ಮುಂಬಯಿಗೆ, ಅಲ್ಲಿಂದ ಅಮೆರಿಕಕ್ಕೆ ಹೋಗುತ್ತದೆ, ಅಲ್ಲಿನ ಬ್ಯಾಂಕು ಹೂಂ ಅಂದರೆ ಮಾತ್ರ ರೊಕ್ಕ ಅದೇ ದಾರಿಯಲ್ಲಿ ತಿರುಗಿ ಬರುತ್ತದೆ ಅಂತ ತಿಳಿಸಿ ಹೇಳಿದರು. ನಾನು ಪ್ರತಿ ಸೋಮವಾರ ಹೋಗಿ ಕೇಳಿದೆ. ನಾಲ್ಕನೆಯ ಸೋಮವಾರದಿಂದ ಅವರು ನನ್ನನ್ನು ಗಾಜಿನ ಆಚೆ ಕಂಡ ಕೂಡಲೇ ತಲೆ ಅಲ್ಲಾಡಿಸತೊಡಗಿದರು, ಒಳಗೆ ಬರುವ ಶ್ರಮವೂ ಉಳಿಯಿತು. ಏಳು ವಾರ ಕಳೆದ ಮೇಲೆ ಪಾಸ್‌ಬುಕ್ಕಿನಲ್ಲಿ ನಾಲ್ಕು ಸಾವಿರದ ಚಿಲ್ಲರೆ ಬಂದು ಕೂತಿತ್ತು. ಮುಂಬಯಿಯವರು ಒಂದಿಷ್ಟು, ಅಮೆರಿಕದವರು ಒಂದಿಷ್ಟು ಮುರಿದುಕೊಂಡಿದ್ದರು. ಆದರೂ ಬಂದಿತ್ತು.

ಅಲ್ಲಿಗೆ ಎಲ್ಲರ ಅನುಮಾನವೂ ಒಟ್ಟಿಗೆ ಸತ್ತುಹೋಯಿತು. ಕೆಫೆಯ ಮಾಲೀಕ ಚೆಕ್ಕಿನ ಝೆರಾಕ್ಸನ್ನು ಗೋಡೆಗೆ ಅಂಟಿಸಿದ. ಅವ್ವ ಕಮಲಾಪುರದ ಬಸ್ ನಿಲ್ಲುವ ಕಡೆ ಕೆಂಪು ಬಾಳೆಹಣ್ಣು ಮಾರುತ್ತಾಳೆ. ಅವಳ ಬುಟ್ಟಿಯ ಮೇಲೆ ಹೊಸ ಕೊಡೆ ಬಂತು. ಮಾಮಾ ಗಂಜಿನಲ್ಲಿ ಹೋದವರಿಗೂ ಬಂದವರಿಗೂ ಹೇಳಿದ. ಅವರೆಲ್ಲ ನನ್ನನ್ನು ನಿಲ್ಲಿಸಿ, ನಿನ್ನ ಇಂಟರ್ನೆಟ್ ಅಂಗಡಿಗೆ ಎಷ್ಟು ಮಂದಿ ಬರ್ತಾರ ಅಂತ ಕೇಳುತ್ತಿದ್ದರು. ನಾನು ಹತ್ತು ಸಾವಿರ ಅನ್ನುತ್ತಿದ್ದೆ.

ಈ ಹತ್ತು ಸಾವಿರದ ಕಥೆ ಇಲ್ಲೇ ಹೇಳಿಬಿಡುತ್ತೇನೆ. ಪುಟದ ಕೆಳಗೆ ಒಂದು ಮೀಟರು ಇರುತ್ತದೆ, ಒಬ್ಬರು ಪುಟ ತೆರೆದರೆ ಒಂದು ಏರುತ್ತದೆ. ಪುಕ್ಕಟೆ ಸಿಗುತ್ತದೆ. ಹಾಕಿಕೊಳ್ಳುವಾಗ ಎಷ್ಟರಿಂದ ಶುರು ಮಾಡಲಿ ಅಂತ ಅದೇ ಕೇಳುತ್ತದೆ. ಮರ್ಯಾದಸ್ಥರು ಸೊನ್ನೆ ಅನ್ನುತ್ತಾರೆ. ನಾನು ಹತ್ತು ಸಾವಿರ ಅಂದೆ. ಖಾಲಿ ಖಾನಾವಳಿಗೆ ಯಾರಾದರೂ ಊಟಕ್ಕೆ ಹೋಗುತ್ತಾರೆಯೇ? ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಒಮ್ಮೊಮ್ಮೆ ನನಗೇ ಮರೆತುಹೋಗುತ್ತಿತ್ತು.

ಎರಡನೆಯ ಕಂಪನಿ ನನ್ನನ್ನು ತಾನಾಗಿ ಹುಡುಕಿಕೊಂಡು ಬಂತು. ನಿಮ್ಮ ಪುಟ ನೋಡಿದೆವು, ನಿಮ್ಮ ಇಂಗ್ಲಿಷ್ ಬಹಳ ಚೆನ್ನಾಗಿದೆ ಅಂತ ಮೇಲ್ ಬರೆದಿದ್ದರು. ಎಚ್ಚರಾಗಲು ಇಷ್ಟು ಸಾಕಿತ್ತು. ನನ್ನ ಇಂಗ್ಲಿಷಿನ ಬಗ್ಗೆ ಕಾಲೇಜಿನ ಲೆಕ್ಚರರು ಬೇರೆ ಮಾತು ಹೇಳುತ್ತಾರೆ. ಆದರೆ ನಾನು ಆ ಸಾಲನ್ನು ಮಾತ್ರ ಪ್ರಿಂಟ್ ತೆಗೆಸಿ ಕಿಸೆಯಲ್ಲಿಟ್ಟುಕೊಂಡೆ. ಅವರದು ನಾಯಿ ಬೊಗಳುವುದನ್ನು ನಿಲ್ಲಿಸುವ ಸಿ.ಡಿ. ಒಂದಕ್ಕೆ ಹದಿನಾಲ್ಕು ಡಾಲರ್ ಕಮಿಷನ್, ನೂರು ತುಂಬುವವರೆಗೆ ಕಾಯುವುದೂ ಬೇಡ. ನಾನು ಅವರಿಗೇ ಅಂತ ಬೇರೆ ಪುಟ ಮಾಡಿದೆ, ಹೊಸ ಮೀಟರು ಹಾಕಿದೆ, ಅದನ್ನೂ ಹತ್ತು ಸಾವಿರದಿಂದ ಹೊರಡಿಸಿದೆ.

ಮೂರು ವಾರಕ್ಕೆ ಮೇಲ್ ಬಂತು. ನಿಮ್ಮಿಂದ ಇಪ್ಪತ್ತು ಸಿ.ಡಿ. ಮಾರಾಟವಾಗಿವೆ, ಇನ್ನೂರ ಎಂಬತ್ತು ಡಾಲರಿನ ಚೆಕ್ ಕೊರಿಯರ್‌ನಲ್ಲಿ ಹೊರಟಿದೆ. ಇಪ್ಪತ್ತು! ಮೊದಲ ಕಂಪನಿಯ ಎಂಟು ಪುಸ್ತಕ ಹೋಗಲು ಒಂಬತ್ತು ತಿಂಗಳು ಹಿಡಿದಿತ್ತು. ನನ್ನ ಬರವಣಿಗೆ ಪಳಗಿದೆ ಅಂದುಕೊಂಡೆ.

ಕೊರಿಯರ್ ಕಮಲಾಪುರಕ್ಕೆ ಬಂತು. ಅವ್ವ ಸಹಿ ಮಾಡಿ ಪಡೆದು, ಪ್ಯಾಕೆಟ್ಟನ್ನು ಕಲಬುರಗಿ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟು, ಎರಡು ಬಾಳೆಹಣ್ಣಿನ ಬಾಡಿಗೆಗೆ ನನ್ನತ್ತ ಕಳಿಸಿದಳು. ಶುಕ್ರವಾರ ಬೆಳಗ್ಗೆ ಬಸ್‌ಸ್ಟ್ಯಾಂಡಿನಲ್ಲೇ ಒಡೆದೆ. ಚೆಕ್ ಸಾವಿರದ ಒಂಬೈನೂರು ಡಾಲರಿನದು.

ಅಲ್ಲಿಯೇ ಕಟ್ಟೆಯ ಮೇಲೆ ಕೂತು ಸೊನ್ನೆಗಳನ್ನು ಎಣಿಸಿದೆ. ಎಡದಿಂದಲೂ ಬಲದಿಂದಲೂ ಅಷ್ಟೇ ಇದ್ದವು. ಕೆಫೆಗೆ ಓಡದೆ ನೇರ ಬ್ಯಾಂಕಿಗೆ ಹೋದೆ. ಮೇಡಂ ಚೆಕ್ ನೋಡಿ, ಮೊದಲಿನದಕ್ಕಿಂತ ಇದು ಚಂದ ಇದೆ ಅಂದರು. ಆಮೇಲೆ ರಸೀದಿ ಬರೆದು ಕೊಟ್ಟು ಒಂದು ಮಾತು ಸೇರಿಸಿದರು, "ನೋಡಪ್ಪಾ, ಇದು ಆ ಕಡೆಯಿಂದ ಪಾಸಾಗಿ ಬರುವವರೆಗೆ ಬರೀ ಕಾಗದ. ರೊಕ್ಕ ಅಂತ ತಿಳೀಬೇಡ." ನಾನು ಹೂಂ ಅಂದೆ. ದೊಡ್ಡ ಮನುಷ್ಯರಾದ ಮೇಲೆ ಸಣ್ಣ ಮಾತಿಗೆ ಹೂಂ ಅನ್ನುವುದು ಸುಲಭ.

ಮಧ್ಯಾಹ್ನ ಕೆಫೆಯಲ್ಲಿ ಮೇಲ್ ತೆರೆದೆ. ಕಂಪನಿಯವರು ಬರೆದಿದ್ದರು. ನಮ್ಮ ಲೆಕ್ಕಿಗನಿಂದ ತಪ್ಪಾಗಿದೆ, ದಿಲ್ಲಿಯಲ್ಲಿರುವ ಇನ್ನೊಬ್ಬ ಏಜೆಂಟನ ಹಣವೂ ಕೂಡಿ ನಿಮ್ಮ ಚೆಕ್ಕಿಗೆ ಬಂದುಬಿಟ್ಟಿದೆ. ನಿಮ್ಮ ಇನ್ನೂರ ಎಂಬತ್ತನ್ನು ಇಟ್ಟುಕೊಳ್ಳಿ, ತೊಂದರೆ ಕೊಟ್ಟಿದ್ದಕ್ಕೆ ಇನ್ನೂ ನೂರಿಪ್ಪತ್ತು ಇಟ್ಟುಕೊಳ್ಳಿ. ಉಳಿದದ್ದಕ್ಕೆ ಅರವತ್ತಾರು ಸಾವಿರ ರೂಪಾಯಿ ಆಗುತ್ತದೆ, ದಿಲ್ಲಿಯ ಈ ಹೆಸರಿಗೆ ಡಿಡಿ ತೆಗೆದು ತುರ್ತಾಗಿ ಕಳಿಸಿ. ಅವನ ತಾಯಿಗೆ ಮಂಗಳವಾರ ಆಪರೇಷನ್ ಇದೆ.

ನಿಜ ಹೇಳಬೇಕೆಂದರೆ ಓದಿದಾಗ ನನಗೆ ಅನುಮಾನ ಬರಲಿಲ್ಲ, ಬೇಸರ ಬಂತು. ಸಾವಿರದ ಒಂಬೈನೂರು ಡಾಲರಿನ ಶ್ರೀಮಂತನಾಗಿ ನಾನು ಬದುಕಿದ್ದು ಬರೀ ನಾಲ್ಕು ತಾಸು. ವಿದೇಶದವರು ಮೋಸ ಮಾಡುತ್ತಾರೆ ಅಂತ ನನಗೆ ಎಲ್ಲರೂ ಹೇಳಿದ್ದರು. ಆ ಮೋಸ ಅಂದರೆ ರೊಕ್ಕ ಕೊಡದೇ ಇರುವುದು ಅಂತಲೇ ನಾವೆಲ್ಲ ತಿಳಿದಿದ್ದೆವು. ಹೆಚ್ಚಿಗೆ ಕೊಟ್ಟು ಮೋಸ ಮಾಡುವವನನ್ನು ಕಮಲಾಪುರವಾಗಲಿ ಕಲಬುರಗಿಯಾಗಲಿ ಕಂಡಿರಲಿಲ್ಲ.

ಆ ಮೇಲ್‌ನ ಪ್ರಿಂಟ್ ಹಿಡಿದು ಗಂಜಿಗೆ ಹೋಗಿ ಮಾಮಾನಿಗೆ ಓದಿ ಹೇಳಿದೆ. ಅವನು ಪೂರ್ತಿ ಕೇಳಿದ. ಆಪರೇಷನ್ ಅಂದಾಗ ಕಾಲು ಕೆಳಗೆ ಬಿಟ್ಟು ಚಪ್ಪಲಿ ಹುಡುಕಿದ. ನಾನು ಬ್ಯಾಂಕಿನ ಮೇಡಂ ಹೇಳಿದ ಮಾತನ್ನೂ ಹೇಳಿದೆ, ಅಷ್ಟು ಪ್ರಾಮಾಣಿಕತೆ ನನ್ನಲ್ಲಿತ್ತು.

ಗಂಜಿನಲ್ಲಿ ಎರಡು ನೇಮಗಳಿವೆ, ಎರಡನ್ನೂ ಮಾಮಾ ದೇವರ ಹಾಗೆ ನಡೆಸುತ್ತಾನೆ. ಒಂದು, ಗುರುತಿನವರ ಚೀಟಿ ಕೈಯಲ್ಲಿದ್ದರೆ ರೊಕ್ಕ ಪೆಟ್ಟಿಗೆಯಲ್ಲಿದ್ದ ಹಾಗೆ. ಲಕ್ಷಗಟ್ಟಲೆ ತೊಗರಿ ಅಲ್ಲಿ ಅಂಗೈ ಅಗಲದ ಚೀಟಿಯ ಮೇಲೆ ಮಾರಾಟವಾಗುತ್ತದೆ. ಇನ್ನೊಂದು, ತೂಕದಲ್ಲಾಗಲಿ ರೊಕ್ಕದಲ್ಲಾಗಲಿ ಹೆಚ್ಚಿಗೆ ಬಂದದ್ದು ಅಂಗಡಿಯಲ್ಲಿ ದೀಪ ಹಚ್ಚುವುದರೊಳಗೆ ತಿರುಗಿ ಹೋಗಬೇಕು. ಒಮ್ಮೆ ತೂಕದಲ್ಲಿ ಹೆಚ್ಚಿಗೆ ಬಂದ ಎಂಟು ಕಿಲೋ ತೊಗರಿಯನ್ನು ಮಾಮಾ ಸೈಕಲ್ಲಿಗೆ ಹೇರಿಕೊಂಡು ಕೋಟೆಯಾಚೆಗೆ ಹೋಗಿ ರೈತನ ಕೈಗೆ ಕೊಟ್ಟು ಬಂದಿದ್ದಾನೆ. ಆ ರೈತನಿಗೆ ಕಡಿಮೆಯಾದದ್ದು ಗೊತ್ತೇ ಇರಲಿಲ್ಲ. ಸೈಕಲ್ಲಿನ ಟೈರು ಒಡೆದದ್ದಕ್ಕೆ ಮಾಮಾನೇ ಹತ್ತು ರೂಪಾಯಿ ಖರ್ಚು ಮಾಡಿದ.

ಮೇಡಂ ಕೊಟ್ಟ ರಸೀದಿಯನ್ನು ಮಾಮಾ ಬೆಳಕಿಗೆ ಹಿಡಿದು ನೋಡಿದ. ಬ್ಯಾಂಕಿನ ಮೊಹರು ಇತ್ತು. ಅವನ ಪಾಲಿಗೆ ಅದು ಚೀಟಿ.

"ಆರು ವಾರ ಆಗ್ತದಂತ ಮೇಡಂ ಅಂದಾರ, ಮಾಮಾ," ಅಂದೆ.

"ಆರು ವಾರ ಮಂದಿ ತಾಯಿ ದವಾಖಾನ್ಯಾಗ ಮಲಗಿರ್ಬೇಕೇನು? ನಿನ್ನ ಚೆಕ್ ಬಂದಾಗ ಬರ್ಲಿ, ನಾ ತಗೋತೀನಿ. ಅವರದು ಅವರಿಗಿ ಮುಟ್ಲಿ," ಅಂದ.

ಎಲ್ಲಿಂದ ಕೊಡುತ್ತಾನೆ ಅಂತ ನಾನು ಕೇಳಲಿಲ್ಲ. ಕೇಳುವಂಥದ್ದು ಏನಿತ್ತು? ಅವನ ಹತ್ತಿರ ಇದ್ದದ್ದು ಒಂದೇ ಗಂಟು. ಚೆಕ್ಕಿನ ರೊಕ್ಕ ದಸರೆಯೊಳಗೆ ಬಂದೇ ಬರುತ್ತದೆ, ಠೇವಣಿಗೆ ತೊಂದರೆಯಿಲ್ಲ ಅಂತ ಅವನು ಬೆರಳು ಮಡಚಿ ವಾರ ಎಣಿಸಿದ. ಅವತ್ತು ಬ್ಯಾಂಕಿನ ವ್ಯವಹಾರದ ಹೊತ್ತು ಮುಗಿದಿತ್ತು, ಶನಿವಾರ ಮಧ್ಯಾಹ್ನ ಹನ್ನೆರಡರವರೆಗೆ ಇರುತ್ತದೆ. ಅಂಗಡಿಯಲ್ಲಿ ದೀಪ ಹಚ್ಚಿದಾಗ ಮಾಮಾ ಕೈ ಮುಗಿಯುವುದಕ್ಕೂ ಸ್ವಲ್ಪ ನಾಚಿದ. ಮಂದಿಯ ರೊಕ್ಕ ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಅವನ ಹತ್ತಿರ ರಾತ್ರಿ ಕಳೆಯುತ್ತಿತ್ತು, ಅದೂ ಇನ್ನೂ ಬಾರದ ರೊಕ್ಕ.

ವಾರವಾರವೂ ಶುಕ್ರವಾರ ಸಂಜೆ ನಾನು ಮೈಲಿಗೆ ಬಟ್ಟೆಯ ಗಂಟು ಹೊತ್ತು ಕಮಲಾಪುರಕ್ಕೆ ಹೋಗುತ್ತೇನೆ. ಅವತ್ತೂ ಹೋದೆ. ಶನಿವಾರ ಬೆಳಗ್ಗೆ ಅವ್ವನ ಜತೆ ಕೊಡೆಯ ಕೆಳಗೆ ಕೂತು, ಕೆಂಪು ಬಾಳೆಹಣ್ಣು ತಿನ್ನುತ್ತ, ಕಥೆಯನ್ನೆಲ್ಲ ಹೇಳಿದೆ. ನಾನು ಹೇಳುವಾಗ ದಿಲ್ಲಿಯ ಏಜೆಂಟ ನನ್ನ ಗೆಳೆಯನಾಗಿದ್ದ, ಆಪರೇಷನ್ನಿಗೆ ಡಾಕ್ಟರರು ನನ್ನ ಡಿಡಿಗಾಗಿ ಕತ್ತರಿ ಹಿಡಿದು ಕಾಯುತ್ತಿದ್ದರು.

ಅವ್ವ ಹುಮನಾಬಾದ್ ಕಡೆಯ ಬಸ್ಸಿಗೆ ಎರಡು ಚಿಪ್ಪು ಕೊಟ್ಟು ಬಂದು ಕೂತಳು. ಆಮೇಲೆ ಹೋದ ವರ್ಷದ ಮಾತು ತೆಗೆದಳು. ಬಸ್ಸಿನ ಕಿಟಕಿಯಿಂದ ಒಬ್ಬ ಐನೂರರ ನೋಟು ಚಾಚಿ ಒಂದು ಚಿಪ್ಪು ಕೇಳಿದ್ದ. ಬಸ್ಸು ಬಿಡುತ್ತದೆ, ಚಿಲ್ಲರೆ ಕೊಡು, ಜಲ್ದಿ ಕೊಡು ಅಂತ ಅವಸರ ಮಾಡಿದ್ದ. ಅವ್ವ ಪಕ್ಕದ ಚಹಾದಂಗಡಿಯಿಂದ ಕಡ ತಂದು ನಾನೂರ ಎಂಬತ್ತು ಎಣಿಸಿ ಕೊಟ್ಟಿದ್ದಳು. ಬಸ್ಸು ಹೋಯಿತು. ನೋಟು ಖೋಟಾ. ಚಹಾದಂಗಡಿಯವನ ಸಾಲ ತೀರಿಸಲು ಅವಳಿಗೆ ಒಂದು ತಿಂಗಳು ಹಿಡಿಯಿತು.

"ದೊಡ್ಡ ನೋಟು ಕೊಟ್ಟವ ಚಿಲ್ಲರಕ್ಕ ಅವಸರ ಮಾಡಿದ್ರ, ಮೊದಲು ನೋಟು ಬಿಸಿಲಿಗಿ ಹಿಡೀಬೇಕು," ಅಂದಳು.

ಬ್ಯಾಂಕಿನ ವ್ಯವಹಾರ ಬೇರೆ, ಬಾಳೆಹಣ್ಣಿನ ವ್ಯವಹಾರ ಬೇರೆ ಅಂತ ನಾನು ವಿವರಿಸಿದೆ. ಅವಳು ತಲೆಯಾಡಿಸಿ ಹಣ್ಣಿನ ಮೇಲೆ ನೀರು ಚಿಮುಕಿಸಿದಳು. ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು.

"ನಂಗ ಹತ್ತು ಬಸ್ ನಿಂತ್ರ ಮೂರು ಚಿಪ್ಪು ಹೋಗ್ತಾವ. ನಿಂಗ ಇಪ್ಪತ್ತು ಹೋಗ್ಯಾವ ಅಂತೀ. ಎಷ್ಟು ಮಂದಿ ಬಂದಿದ್ರೋ ತಮ್ಮಾ ನಿನ್ನ ಅಂಗಡಿಗಿ?"

"ಹತ್ತು ಸಾವಿರ," ಅಂದೆ.

ಬಾಯಿ ಅಭ್ಯಾಸಬಲದಿಂದ ಹೇಳಿತು. ಹೇಳಿದ ಮೇಲೆ ಕೈಯಲ್ಲಿದ್ದ ಹಣ್ಣನ್ನು ಬುಟ್ಟಿಯ ಮೇಲಿಟ್ಟೆ. ಯಾಕೆಂದರೆ ಆ ಹೊಸ ಪುಟದ ಮೀಟರನ್ನು ಶುಕ್ರವಾರ ಮಧ್ಯಾಹ್ನವೇ ನೋಡಿದ್ದೆ. ಹತ್ತು ಸಾವಿರದ ಮೂವತ್ತೊಂದು. ಹತ್ತು ಸಾವಿರ ನಾನು ಕೊಟ್ಟದ್ದು, ಅದನ್ನು ತೆಗೆದರೆ ಮೂವತ್ತೊಂದು. ಆ ಮೂವತ್ತೊಂದರಲ್ಲಿ ಇಪ್ಪತ್ತೆರಡು ಸಲ ಪುಟ ತೆರೆದವನು ನಾನೇ, ಏರುತ್ತದೋ ಇಲ್ಲವೋ ನೋಡಲು. ಉಳಿದವರು ಒಂಬತ್ತು ಮಂದಿ. ಒಂಬತ್ತು ಮಂದಿ ಕೂಡಿ ಇಪ್ಪತ್ತು ಸಿ.ಡಿ. ಕೊಂಡಿದ್ದರು. ಒಬ್ಬೊಬ್ಬರಿಗೆ ಎರಡೆರಡು ನಾಯಿ ಅಂತ ಹಿಡಿದರೂ ಎರಡು ಸಿ.ಡಿ.ಯನ್ನು ಯಾರೋ ದನಕ್ಕೆ ಕೊಂಡಿರಬೇಕು.

ಒಂದೂ ಮಾರಾಟವಾಗಿರಲಿಲ್ಲ. ಮಾರಾಟವೇ ಇಲ್ಲದಿದ್ದರೆ ಕಮಿಷನ್ ಇಲ್ಲ. ಕಮಿಷನ್ ಇಲ್ಲದಿದ್ದರೆ ಆ ಚಂದದ ಚೆಕ್ಕು ಕಿಟಕಿಯಿಂದ ಚಾಚಿದ ಐನೂರರ ನೋಟು. ಇದು ಜಗತ್ತಿನಲ್ಲಿ ಇಬ್ಬರಿಗೆ ಮಾತ್ರ ತಿಳಿದಿತ್ತು, ಚೆಕ್ ಕಳಿಸಿದವನಿಗೆ ಮತ್ತು ನನಗೆ. ಮಾಮಾನಿಗೆ ತಿಳಿಯುವ ದಾರಿಯೇ ಇರಲಿಲ್ಲ. ಹತ್ತು ಸಾವಿರ ಮಂದಿ ಬರುವ ಅಂಗಡಿಯಲ್ಲಿ ಇಪ್ಪತ್ತು ಹೋಗುವುದು ಏನು ದೊಡ್ಡದು?

ಎಸ್‌ಟಿಡಿ ಬೂತಿಗೆ ಹೋಗಿ ಗಂಜಿನ ಅಂಗಡಿಗೆ ಫೋನ್ ಹಚ್ಚಿದೆ. ಹಮಾಲನೊಬ್ಬ ಎತ್ತಿದ. ಮುನೀಮರು ಬ್ಯಾಂಕಿಗಿ ಹೋಗ್ಯಾರ ಅಂದ. ಗಡಿಯಾರದಲ್ಲಿ ಹತ್ತು ಗಂಟೆ. ಅವ್ವನಿಗೆ ಏನೂ ಹೇಳದೆ ಕಲಬುರಗಿ ಬಸ್ಸು ಹತ್ತಿದೆ. ಬಸ್ಸು ಹೊರಡುವಾಗ ಅವಳು ಕಿಟಕಿಯಿಂದ ಒಂದು ಹಣ್ಣು ಕೊಟ್ಟಳು.

ಒಂದು ತಾಸಿನ ದಾರಿ. ಆ ಡ್ರೈವರ್ ಎಷ್ಟು ಒಳ್ಳೆಯ ಮನುಷ್ಯನೆಂದರೆ ಕೈ ಮಾಡಿದವರಿಗೆಲ್ಲ ನಿಲ್ಲಿಸಿದ, ಕೈ ಮಾಡದೆ ಬರೀ ಮೈ ತುರಿಸಿಕೊಂಡವನಿಗೂ ನಿಲ್ಲಿಸಿದ. ದಾರಿಯುದ್ದಕ್ಕೂ ನಾನು ಮಾಮಾನಿಗೆ ಹೇಳಬೇಕಾದ್ದನ್ನು ಸಿದ್ಧ ಮಾಡಿಕೊಂಡೆ. ಮೀಟರು ಕೆಟ್ಟಿದೆ ಅನ್ನಬಹುದಿತ್ತು. ಕೆಫೆಯವನು ಅಂಕಿ ತಿದ್ದಿದ ಅನ್ನಬಹುದಿತ್ತು. ಅಮೆರಿಕದಲ್ಲಿ ಹಬ್ಬದ ರಜೆ ಇತ್ತು ಅಂತ ಕೂಡ ಒಂದು ಹೊಳೆಯಿತು, ಅದು ಬಹಳ ಚೆನ್ನಾಗಿತ್ತು. ಆದರೆ ಯಾವ ಸುಳ್ಳು ಹೇಳಿದರೂ ಮಾಮಾ, "ಆದ್ರೂ ಇಪ್ಪತ್ತು ಹೋಗ್ಯಾವಲ್ಲ?" ಅಂತ ಕೇಳುತ್ತಿದ್ದ. ಡಿಡಿಯನ್ನು ನಿಲ್ಲಿಸುವಷ್ಟು ಗಟ್ಟಿ ಇದ್ದದ್ದು ನಿಜ ಒಂದೇ. ನಾನು ಎಲ್ಲ ಸುಳ್ಳುಗಳನ್ನೂ ಪ್ರಯತ್ನಿಸಿ ನೋಡಿದ ಮೇಲೆಯೇ ಈ ತೀರ್ಮಾನಕ್ಕೆ ಬಂದದ್ದು.

ಬ್ಯಾಂಕಿಗೆ ಹೋದಾಗ ಹನ್ನೊಂದೂವರೆ. ಮಾಮಾ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬೆಂಚಿನ ಮೇಲೆ ಕೂತಿದ್ದ. ಅರ್ಜಿ ಒಳಗೆ ಹೋಗಿತ್ತು, ಅವನ ಖಾತೆಯಿಂದ ಅರವತ್ತಾರು ಸಾವಿರ ಮುರಿಯಲು ಸಹಿಯಾಗಿತ್ತು. ಕೈಯಲ್ಲಿ ಹಿತ್ತಾಳೆಯ ಟೋಕನ್. ಆ ನಂಬರು ಕೂಗಿದರೆ ಡಿಡಿ ಕೈಗೆ ಬರುತ್ತದೆ. ನನ್ನನ್ನು ಕಂಡು, "ಯಾಕೋ ಅಳಿಯಾ, ಬಟ್ಟಿ ಒಣಗಿಲ್ಲೇನು ಇನ್ನಾ?" ಅಂದ.

"ಮಾಮಾ, ಅದು ಬ್ಯಾಡ್ರಿ. ಇಪ್ಪತ್ತು ಮಾರಿಲ್ಲ ನಾ."

"ಅವರೇ ಬರ್ದಾರಲ್ಲ, ಮಾರಿದ್ದಿ ಅಂತ."

"ಮಂದಿನ ಬಂದಿಲ್ರಿ."

"ಹತ್ತು ಸಾವಿರ ಅಂದಿದ್ದೆಲ್ಲೋ."

"ಹತ್ತು ಸಾವಿರ ನಾ ಇಟ್ಟದ್ದು. ಬಂದವರು ಮೂವತ್ತೊಂದು. ಅದ್ರಾಗ ಇಪ್ಪತ್ತೆರಡು ನಾನ."

ಬೆಂಚಿನ ಮೇಲಿದ್ದ ಇನ್ನಿಬ್ಬರು ಇತ್ತ ತಿರುಗಿದರು. ಮಾಮಾ ಬೈದಿದ್ದರೆ ಸಲೀಸಾಗುತ್ತಿತ್ತು. ಅವನು ತೂಕ ಸರಿಯಿಲ್ಲದಾಗ ತಕ್ಕಡಿ ನೋಡುವ ಹಾಗೆ ಕೈಯಲ್ಲಿನ ಟೋಕನ್ನನ್ನು ತಿರುಗಿಸಿ ನೋಡಿದ. ಆಮೇಲೆ ಕೇಳಿದ, "ಗಂಜಿನ್ಯಾಗ ನಾ ಎಲ್ಲಾರಿಗೂ ಹೇಳೀನಿ ಹತ್ತು ಸಾವಿರಂತ. ನಾನೂ ಸುಳ್ಳ ಹೇಳ್ದಂಗಾತು, ಹೌದಿಲ್ಲೋ?"

"ಹೌದ್ರಿ," ಅಂದೆ. ಒಂದೇ ಶಬ್ದದಲ್ಲಿ ಮುಗಿದ ನನ್ನ ಉತ್ತರಗಳು ಕಡಿಮೆ, ಅದಕ್ಕೆ ಇದನ್ನು ದಾಖಲಿಸುತ್ತಿದ್ದೇನೆ.

ಕೌಂಟರಿನಿಂದ ಅವನ ಟೋಕನ್ ನಂಬರು ಕೂಗಿದರು. ಮಾಮಾ ಎದ್ದ. ಎರಡು ಹೆಜ್ಜೆ ಹೋಗಿ ನಿಂತ. ಅವನ ಮನಸ್ಸಿನಲ್ಲಿ ಏನಿತ್ತೆಂದು ನನಗೆ ಗೊತ್ತಿತ್ತು. ನನ್ನ ಮಾತು ಸುಳ್ಳಾಗಿದ್ದರೆ? ಸುಳ್ಳು ಹೇಳುವವನ ಮಾತು ನಂಬಿ ಒಬ್ಬ ತಾಯಿಯ ಆಪರೇಷನ್ ತಪ್ಪಿಸಿದರೆ? ಮಾಮಾ ಅಷ್ಟನ್ನೇ ಹೇಳಿದ, "ಆಕಿ ಖರೇನ ಮಲಗಿದ್ರ?"

ಅಷ್ಟರಲ್ಲಿ ಫಾರಿನ್ ಮೇಜಿನ ಮೇಡಂ ನನ್ನನ್ನು ಕಂಡು ರೂಢಿಯಂತೆ ತಲೆ ಅಲ್ಲಾಡಿಸಿದರು. ಇವತ್ತು ಸೋಮವಾರವಲ್ಲವೆಂದು ನೆನಪಾಗಿ ಎದ್ದು ಬಂದರು. ಮಾಮಾ ಅವರಿಗೆ ಒಂದೇ ಪ್ರಶ್ನೆ ಕೇಳಿದ. ಈ ರಸೀದಿ ಚೀಟಿಯೋ ಅಲ್ಲವೋ? ಮೇಡಂ ಹೇಳಿದರು, ಚೆಕ್ಕನ್ನು ತೆಗೆದುಕೊಂಡಿದ್ದೇವೆ ಅನ್ನುವುದಕ್ಕೆ ಮಾತ್ರ ಇದು ಗುರುತು, ರೊಕ್ಕ ಬಂದಿದೆ ಅನ್ನುವುದಕ್ಕಲ್ಲ. ಪಾಸಾದರೆ ಅದೇ ದಿನ ನಾನೇ ನಿಮಗೆ ಡಿಡಿ ಮಾಡಿಸಿಕೊಡುತ್ತೇನೆ.

ಮಾಮಾ ಟೋಕನ್ನನ್ನು ಕೌಂಟರಿನ ಮೇಲಿಟ್ಟು ಆಚೆ ಸರಿಸಿದ. "ರದ್ದು ಮಾಡ್ರಿ. ಬಂದ ದಿನ, ದೀಪ ಹಚ್ಚೂದ್ರೊಳಗ ಕಳಸ್ತೀನಿ. ಇದು ನನ್ನ ಮಾತು," ಅಂದ. ಯಾರಿಗೆ ಹೇಳಿದನೋ, ಮೇಡಂಗೋ ದಿಲ್ಲಿಯ ತಾಯಿಗೋ.

ಆ ಮಾತನ್ನು ನಾನು ಇಂಗ್ಲಿಷಿಗೆ ತಿರುಗಿಸಿ ಮೇಲ್ ಕಳಿಸಿದೆ, ದೀಪವೂ ಸೇರಿ. ಉತ್ತರ ತಾಸಿನೊಳಗೆ ಬಂತು. ಅವತ್ತಿನಿಂದ ದಿನಕ್ಕೆ ಎರಡು. ಮೊದಲು ವಿನಂತಿ, ಆಮೇಲೆ ಬೇಸರ, ಆಮೇಲೆ ಪೊಲೀಸರಿಗೆ ಹೇಳುತ್ತೇವೆ, ಆಮೇಲೆ ಅಮೆರಿಕದ ಪೊಲೀಸರೇ ಹೊರಟಿದ್ದಾರೆ. ಮಾಮಾ ದಿನಾ ಸಂಜೆ ಅಂಗಡಿಯಲ್ಲಿ ದೀಪ ಹಚ್ಚಿ, "ಏನ್ ಬರ್ದಾರ?" ಅಂತ ಕೇಳುತ್ತಿದ್ದ. ನಾನು ಒಂದಕ್ಷರ ಸೇರಿಸದೆ ಓದಿ ಹೇಳುತ್ತಿದ್ದೆ. ಬಹಳ ಕಷ್ಟದ ಕೆಲಸ. ಮಂಗಳವಾರ ಆಪರೇಷನ್ ಆಗಲಿಲ್ಲವೆಂದು ಬರೆದಾಗ ಮಾಮಾ ಅವತ್ತು ಊಟ ಅರ್ಧಕ್ಕೆ ಬಿಟ್ಟ. ಎರಡನೆಯ ವಾರ ದಿಲ್ಲಿಯ ತಾಯಿ ತೀರಿಕೊಂಡಳು, ನಿಮ್ಮಿಂದಲೇ ತೀರಿಕೊಂಡಳು ಅಂತ ಬಂತು. ಓದಬೇಕೋ ಬೇಡವೋ ಅಂತ ನಾನು ಗಂಜಿನ ಬಾಗಿಲಲ್ಲೇ ತುಂಬ ಹೊತ್ತು ನಿಂತೆ. ಓದಿದೆ. ಮಾಮಾ ಡಿಡಿ ಅರ್ಜಿಯ ಹಾಳೆ ಮತ್ತೊಂದು ತಂದು ಕಿಸೆಯಲ್ಲಿಟ್ಟುಕೊಂಡ.

ನಾಲ್ಕನೆಯ ವಾರ ಬಂದ ಮೇಲ್‌ನಲ್ಲಿ, ತಾಯಿಗೆ ಬರುವ ಮಂಗಳವಾರ ಆಪರೇಷನ್ ಇದೆ, ದಯವಿಟ್ಟು ಬೇಗ ಕಳಿಸಿ ಅಂತ ಇತ್ತು.

ಮಾಮಾ ಅದನ್ನು ಎರಡು ಸಲ ಓದಿಸಿದ. "ಸತ್ತಾಕಿ?" ಅಂದ. ಹೌದು ಅಂದೆ. ಅವನು ಕಿಸೆಯಿಂದ ಅರ್ಜಿಯ ಹಾಳೆ ತೆಗೆದು, ನಾಲ್ಕು ಮಡಿಕೆ ಮಾಡಿ, ಅಲುಗಾಡುತ್ತಿದ್ದ ಮೇಜಿನ ಕಾಲ ಕೆಳಗೆ ಇಟ್ಟ. ಅವತ್ತಿನಿಂದ ಮೇಲ್ ಬಗ್ಗೆ ಕೇಳುವುದನ್ನು ಬಿಟ್ಟ. ಮನೆಯಲ್ಲಿ ಎರಡು ರೊಟ್ಟಿ ಜಾಸ್ತಿ ತಿಂದ.

ಚೆಕ್ ಏಳನೆಯ ವಾರ ತಿರುಗಿ ಬಂತು. ಅಂಥ ಖಾತೆಯೇ ಇಲ್ಲ ಅಂತ ಚೀಟಿ ಅಂಟಿಸಿದ್ದರು. ಮೇಡಂ ಅದನ್ನು ನನಗೆ ತೋರಿಸಿ, ಚೆಕ್ ವಾಪಸಾದ ಖರ್ಚು ನನ್ನ ಖಾತೆಯಿಂದ ಮುರಿದದ್ದನ್ನೂ ತೋರಿಸಿದರು. ನನ್ನ ಜೀವಮಾನದಲ್ಲಿ ಅಷ್ಟು ಖುಷಿಯಿಂದ ನಾನು ರೊಕ್ಕ ಕಳೆದುಕೊಂಡಿಲ್ಲ.

ಮಾಮಾ ದಸರೆಗೆ ಎಂಟು ದಿನ ಮೊದಲು ಠೇವಣಿ ಕಟ್ಟಿದ. ಅಂಗಡಿ ಗಂಜಿನ ಮೂಲೆಯಲ್ಲಿದೆ, ಎಂಟಡಿ ಅಗಲ, ಬೋರ್ಡು ಅದಕ್ಕಿಂತ ಒಂದಡಿ ಜಾಸ್ತಿ. ಬೋರ್ಡು ಬರೆಸುವಾಗ ಪೇಂಟರನು 'ನಲವತ್ತು ವರ್ಷಗಳ ಅನುಭವ' ಅಂತ ಕೆಳಗೆ ಹಾಕಲೇ ಅಂತ ಕೇಳಿದ. ಮಾಮಾ ನನ್ನ ಕಡೆ ಒಮ್ಮೆ ನೋಡಿ, ಇಪ್ಪತ್ತೆರಡು ಅಂತ ಬರಿ ಅಂದ. ಗಂಜಿನಲ್ಲಿ ಯಾರ್ಯಾರಿಗೆ ಹತ್ತು ಸಾವಿರ ಅಂತ ಹೇಳಿದ್ದನೋ ಅವರೆಲ್ಲರ ಅಂಗಡಿಗೂ ಹೋಗಿ, ನಮ್ಮ ಹುಡುಗನ ಲೆಕ್ಕ ತಪ್ಪಿತ್ತು ಅಂತ ಹೇಳಿ ಬಂದ. ನನ್ನನ್ನೂ ಜತೆಗೆ ಕರೆದುಕೊಂಡು ಹೋದ. ಆ ಮೆರವಣಿಗೆಯ ವರ್ಣನೆ ಮಾಡುವುದಿಲ್ಲ.

ಮೀಟರನ್ನು ಈಗ ಸೊನ್ನೆಯಿಂದ ಶುರು ಮಾಡಿದ್ದೇನೆ. ಹೋದ ವಾರ ಮಾಮಾ ಅಂಗಡಿ ಮುಚ್ಚಿ ಕೆಫೆಗೆ ಬಂದ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು, ನನ್ನ ಪಕ್ಕದ ಕುರ್ಚಿಯ ತುದಿಯಲ್ಲಿ ಕೂತು, ಯಾವುದನ್ನು ಒತ್ತಬೇಕು ಅಂತ ಕೇಳಿದ. ತೋರಿಸಿದೆ. ಒಂದೇ ಸಲ, ಗಟ್ಟಿಯಾಗಿ, ಮೊಹರು ಒತ್ತುವ ಹಾಗೆ ಒತ್ತಿದ. ಪುಟ ಮೇಲಿಂದ ಕೆಳಗೆ ನಿಧಾನವಾಗಿ ಬಂತು. ಹಿಮದಲ್ಲಿ ನಿಂತ ನಾಯಿ, ಸೋಫಾ ಮೇಲಿನ ನಾಯಿ, ಕೊನೆಗೆ ಮೀಟರು. ನೂರಾ ಹನ್ನೆರಡು.

"ಇದ್ರಾಗ ನೀ ಎಷ್ಟು?" ಅಂದ.

"ಮೂವತ್ತು," ಅಂದೆ. ಅವನು ನೋಡುತ್ತಲೇ ಇದ್ದ. "ಮೂವತ್ತೆಂಟ್ರಿ," ಅಂದೆ.

ಮಾಮಾ ಬೆರಳು ಮಡಚಿ ಕಳೆದು, ಎಪ್ಪತ್ನಾಕು ಅಂದ. ಆಮೇಲೆ ತನ್ನದೊಂದನ್ನೂ ತೆಗೆದು ಎಪ್ಪತ್ಮೂರು ಮಾಡಿ, ಎದ್ದು ಚಪ್ಪಲಿ ಹಾಕಿಕೊಂಡ.